ಅತ್ತೆಯ ಕೂದಲು ಕಪ್ಪಾಗುವ ಸಿನಿಮಾ

ನಮ್ಮ ಭಾವನವರಿಗೆ ಒಳ್ಳೆಯ ಸಿನಿಮಾ ಕಂಡರೆ ಆಗುವುದಿಲ್ಲ. ಇದು ನಾನು ಹೇಳುವ ಚಾಡಿಯಲ್ಲ, ಅವರೇ ಎದೆ ತಟ್ಟಿ ಒಪ್ಪಿಕೊಂಡ ಮಾತು. ನೂರು ದಿನ ಓಡಿದ ಚಿತ್ರ ಎಂದರೆ ಹಳಸಿದ ಚಿತ್ರಾನ್ನದ ವಾಸನೆ ಬಂದವರಂತೆ ಮುಖ ಮಾಡುತ್ತಾರೆ. ಎರಡನೇ ದಿನಕ್ಕೇ ಪೋಸ್ಟರ್ ಕಿತ್ತಿರಬೇಕು, ನೋಡಿದವರು ದುಡ್ಡು ವಾಪಸ್ ಕೇಳಿ ಗಲಾಟೆ ಮಾಡಿರಬೇಕು, ಕಥೆ ಏನು ಅಂತ ಡೈರೆಕ್ಟರಿಗೂ ಗೊತ್ತಿರಬಾರದು. ಅಂಥದ್ದೊಂದು ಬಂದಿದೆ ಎಂದು ಸುದ್ದಿ ಸಿಕ್ಕಿತೋ, ಗುಬ್ಬಿಯಲ್ಲಿ ಬಸ್ಸು ಹತ್ತಿ ತುಮಕೂರಿಗೆ ಬಂದೇಬಿಡುತ್ತಾರೆ. ಉಳಿದುಕೊಳ್ಳುವುದು ಬಟವಾಡಿಯ ನಮ್ಮ ಮನೆಯಲ್ಲಿ. ಹಾಗಾಗಿ ಜಿಲ್ಲೆಗೆ ಬಂದ ಕೆಟ್ಟ ಸಿನಿಮಾಗಳ ಪೂರ್ತಿ ವರದಿ ಸಿಗುವ ಏಕೈಕ ಅಡುಗೆಮನೆ ನಮ್ಮದು!

ಭಾವ ಎಂದರೆ ನನ್ನ ಅಕ್ಕನ ಯಜಮಾನರು. ಗುಬ್ಬಿ ಪೇಟೆಯಲ್ಲಿ ಪಾತ್ರೆ ಅಂಗಡಿ. ನೋಡಲು ಸಾಧು ಮನುಷ್ಯ. ಹಣೆಯಲ್ಲಿ ವಿಭೂತಿ, ಜೇಬಿನಲ್ಲಿ ಬಾಚಣಿಗೆ, ಬಾಯಲ್ಲಿ ಸದಾ ಒಂದು ಲವಂಗ. ಇಂಥವರು ಸಂಜೆ ಹೊತ್ತು ಪುರಾಣ ಕೇಳಲು ಮಠಕ್ಕೆ ಹೋಗುತ್ತಾರೆ ಎಂದು ನೀವು ಅಂದುಕೊಂಡರೆ ತಪ್ಪಿಲ್ಲ. ಆದರೆ ಅವರು ಹೋಗುವುದು ದೆವ್ವವೊಂದು ಬಾಡಿಗೆ ಮನೆ ಹುಡುಕುವ ಚಿತ್ರಕ್ಕೆ!

ಹೌದು, ಹಾಗೊಂದು ಚಿತ್ರ ಇತ್ತಂತೆ. ದೆವ್ವ ಬೀದಿ ಬೀದಿ ಅಲೆಯುತ್ತದೆ. ಹೋದಲ್ಲೆಲ್ಲ ಮನೆ ಮಾಲೀಕರು, “ಒಬ್ಬೊಬ್ರೇ ಇರೋರಿಗೆ ಕೊಡಲ್ಲ” ಎಂದು ಬಾಗಿಲು ಹಾಕಿಕೊಳ್ಳುತ್ತಾರೆ. ಕೊನೆಗೆ ದೆವ್ವ ಬಸ್‌ಸ್ಟ್ಯಾಂಡಿನಲ್ಲಿ ಮಲಗುತ್ತದೆ. ಇದನ್ನು ಹೇಳುವಾಗ ಭಾವ ಟವೆಲ್ಲಿನಿಂದ ಕಣ್ಣು ಒರೆಸಿಕೊಂಡರು. ಬಟವಾಡಿಯಲ್ಲಿ ಬಾಡಿಗೆ ಮನೆ ಹುಡುಕಿ ಚಪ್ಪಲಿ ಸವೆಸಿದ್ದ ನಮ್ಮ ಯಜಮಾನರು ಮಾತ್ರ, “ಇದ್ರಲ್ಲಿ ವಿಚಿತ್ರ ಏನಿದೆ ಅಣ್ಣಾ? ಅಡ್ವಾನ್ಸ್ ಎಷ್ಟು ಕೇಳಿದ್ರಂತೆ?” ಎಂದರು.

ಇನ್ನೊಮ್ಮೆ ನನ್ನ ಪಕ್ಕ ಕೂತು ಫೋನಿನಲ್ಲಿ ಯಾವುದೋ ದೇಶದ ಸಿನಿಮಾ ತೋರಿಸಿದರು. ಒಬ್ಬ ಮುದುಕ ಒಂದು ಕುಂಟು ಕುರ್ಚಿ ರಿಪೇರಿ ಮಾಡುತ್ತಾನೆ. ನಾನು ಸೊಪ್ಪು ಸೋಸಿ, ಅಕ್ಕಿ ಆರಿಸಿ, ಕುಕ್ಕರ್ ಇಟ್ಟು ಬಂದು ನೋಡಿದರೂ ಮಾಡುತ್ತಲೇ ಇದ್ದ. ಮುಗಿಯುವಾಗ ಕುರ್ಚಿ ಮೊದಲಿಗಿಂತ ಜಾಸ್ತಿ ಕುಂಟುತ್ತಿತ್ತು.

“ಏನೂ ಅರ್ಥ ಆಗ್ಲಿಲ್ಲ ಭಾವ,” ಎಂದೆ.

“ಅರ್ಥ ಆಗ್ಬೇಕು ಅಂದ್ರೆ ಪಿಚ್ಚರ್ ಯಾಕಮ್ಮ ನೋಡ್ಬೇಕು? ಬಸ್ ಬೋರ್ಡ್ ಓದು. ಗುಬ್ಬಿ, ನಿಟ್ಟೂರು, ತಿಪಟೂರು. ಎಲ್ಲಾ ಅರ್ಥ ಆಯ್ತದೆ.”

“ಕುರ್ಚಿನಾದ್ರೂ ಸರಿ ಹೋಗ್ಬಾರ್ದಿತ್ತಾ?”

“ಸರಿ ಹೋಗಿದ್ರೆ ಕಮರ್ಷಿಯಲ್ ಆಗೋಗ್ತಿತ್ತು!”

ಅಂಗಡಿಯಲ್ಲೂ ಇದೇ. ಮದುವೆಗೆ ಉಡುಗೊರೆ ಕೊಡುವ ಪಾತ್ರೆಗಳ ಮೇಲೆ ಹೆಸರು ಕೊರೆಯುವ ಸಣ್ಣ ಮೆಷಿನ್ ಒಂದು ಅವರಲ್ಲಿದೆ. ಅದು ಜುಯ್ ಎನ್ನಲು ಶುರುವಾದರೆ ಭಾವನ ಬಾಯಿಂದ ಕಥೆಯೂ ಶುರು. ಕುಣಿಗಲ್ ಕಡೆಯ ಗಿರಾಕಿಯೊಬ್ಬರು ಒಂದು ದೊಡ್ಡ ಪಾತ್ರೆ ಕೊಂಡು ಹುಡುಗ ಹುಡುಗಿಯ ಹೆಸರು ಬರೆದುಕೊಟ್ಟರಂತೆ. ಭಾವ ಕಥೆ ಹೇಳುತ್ತ ಹೇಳುತ್ತ, ಇಂಟರ್ವಲ್ ಹತ್ತಿರ ಬಂದಾಗ ಮೈಮರೆತು, ಪಾತ್ರೆಯ ಮೇಲೆ ಗುಂಡಾದ ಅಕ್ಷರಗಳಲ್ಲಿ ‘ಮಧ್ಯಂತರ’ ಎಂದು ಕೊರೆದುಬಿಟ್ಟರು.

“ನಮ್ ಹುಡುಗಿ ಹೆಸರೇನ್ ಸ್ವಾಮಿ ಇದು?” ಎಂದು ಗಿರಾಕಿ ಕೂಗಾಡಿದರೆ, “ಮದ್ವೇನೂ ಒಂಥರಾ ಇಂಟರ್ವಲ್ಲೇ ಅಲ್ವೇನ್ರೀ?” ಎಂದು ಸಮಾಧಾನ ಹೇಳಿದರಂತೆ! ಅವರು ಬೇರೆ ಪಾತ್ರೆ ತೆಗೆದುಕೊಂಡು ಹೋದರು. ಆ ಪಾತ್ರೆ ನಮ್ಮ ಮನೆಗೆ ಬಂತು. ಇವತ್ತಿಗೂ ನಾನು ಸಾರು ಮಾಡುವುದು ಮಧ್ಯಂತರದಲ್ಲೇ.

ಇಂಥ ಮನುಷ್ಯನನ್ನೂ ಥಿಯೇಟರಿನಿಂದ ಎಬ್ಬಿಸುವ ವಸ್ತು ಲೋಕದಲ್ಲಿ ಒಂದೇ ಒಂದು ಇದೆ. ಬೀಡಿ ಹೊಗೆ! ಒಮ್ಮೆ ನಮ್ಮ ಯಜಮಾನರನ್ನು ಎಳೆದುಕೊಂಡು ಒಂದು ಚಿತ್ರಕ್ಕೆ ಹೋಗಿದ್ದರು. ಇವರಿಬ್ಬರನ್ನು ಬಿಟ್ಟರೆ ಒಳಗೆ ಇದ್ದವನು ಒಬ್ಬನೇ, ಅವನೂ ಮಲಗಲು ಬಂದವನು. ನಮ್ಮ ಯಜಮಾನರು ಆಕಳಿಸಿ ಆಕಳಿಸಿ ದವಡೆ ನೋಯಿಸಿಕೊಂಡರೂ ಭಾವ ಕದಲಲಿಲ್ಲ. ಅಷ್ಟರಲ್ಲಿ ಮಲಗಿದ್ದವನು ಎದ್ದು ಕದ್ದು ಒಂದು ಬೀಡಿ ಹಚ್ಚಿದ. ತಗೊಳ್ಳಿ, ಭಾವನಿಗೆ ಸೀನಿನ ಮೇಲೆ ಸೀನು! ಪರದೆಯ ಮೇಲೆ ಒಂದು ಸೀನು, ಸೀಟಿನಲ್ಲಿ ಹತ್ತು ಸೀನು! ಮೂಗು ಹಿಡಿದುಕೊಂಡು ಹೊರಗೆ ಓಡಿಬಂದರು. “ಆ ಪುಣ್ಯಾತ್ಮನಿಗೆ ಬೀಡಿ ಕಟ್ಟೇ ಕೊಡಿಸ್ಬೇಕಿತ್ತು,” ಎಂದು ನಮ್ಮ ಯಜಮಾನರು ಈಗಲೂ ಹೇಳುತ್ತಾರೆ.

ಇರಲಿ. ಇವೆಲ್ಲ ಚಿಲ್ಲರೆ. ಭಾವನ ಮಟ್ಟಿಗೆ ಸಿನಿಮಾ ಅಂತ ಇರುವುದು ಒಂದೇ. ಬಹಳ ಹಿಂದೆ ನಮ್ಮ ತವರೂರು ಹೆಬ್ಬೂರಿನ ಟೆಂಟಿನಲ್ಲಿ ಅವರು ಅಕ್ಕನನ್ನು ಕರೆದುಕೊಂಡು ಹೋಗಿ ನೋಡಿದ್ದು. ಯಾವ ಗೃಹಪ್ರವೇಶವಾಗಲಿ, ನಾಮಕರಣವಾಗಲಿ, ಎಲೆ ಮುಂದೆ ಕೂತರೆ ಆ ಕಥೆ ಬಂದೇ ಬರುತ್ತದೆ.

ಜಟಕಾ ಗಾಡಿ ಹೊಡೆಯುವವನೊಬ್ಬ, ಅವನ ಹೆಂಡತಿ, ತಾಯಿ, ಒಂದು ಚಿಕ್ಕ ಮಗು. ಮೊದಲನೇ ಇಂಟರ್ವಲ್ (ಟೆಂಟಿನಲ್ಲಿ ರೀಲು ಬದಲಿಸಲು ಎರಡು ಮೂರು ಇಂಟರ್ವಲ್ ಇರುತ್ತಿತ್ತು) ಮುಗಿಯುತ್ತಿದ್ದಂತೆ ಮಗುವಿಗೆ ಜ್ವರ ಬಂದು ಸತ್ತುಹೋಗುತ್ತದೆ. ಆ ದುಃಖಕ್ಕೆ ಅಜ್ಜಿಯ, ಅಂದರೆ ಸೊಸೆಗೆ ಅತ್ತೆಯಾದವಳ ಕೂದಲೆಲ್ಲ ಬೆಳ್ಳಗಾಗುತ್ತದೆ. ಗಾಡಿಯವನು ಕುದುರೆ ಮಾರಿಬಿಡುತ್ತಾನೆ. ಎಲ್ಲರೂ ಗೊಳೋ ಎಂದು ಅಳುತ್ತಾರೆ. ಇನ್ನೊಂದು ಇಂಟರ್ವಲ್. ಆಮೇಲೆ ನೋಡಿದರೆ ಸತ್ತ ಮಗು ಮಾವಿನಕಾಯಿ ಕಚ್ಚಿಕೊಂಡು ಓಡಿಬರುತ್ತದೆ! ಅತ್ತೆಯ ಕೂದಲು ಕಪ್ಪಗಾಗಿದೆ! ಮಾರಿದ ಕುದುರೆ ಗಾಡಿ ಎಳೆಯುತ್ತಿದೆ! ಯಾಕೆ, ಹೇಗೆ, ಯಾರೂ ಹೇಳುವುದಿಲ್ಲ. ಕೊನೆಗೆ ಮಗು ಅಮ್ಮನ ತೊಡೆಯ ಮೇಲೆ ನಗುತ್ತಾ ಇರುತ್ತದೆ, ಶುಭಂ ಅಂತಲೂ ಬರದೆ ಲೈಟು ಹತ್ತಿಕೊಂಡುಬಿಡುತ್ತದೆ.

“ಅದು ಕಣಮ್ಮ ಪಿಚ್ಚರ್ ಅಂದ್ರೆ!” ಎನ್ನುತ್ತಾರೆ ಭಾವ.

“ಸತ್ತ ಮಗು ಹೆಂಗೆ ಭಾವ ಬರುತ್ತೆ?”

“ಸತ್ತೋರು ಬರ್ಬಾರ್ದು ಅಂತ ಯಾವ ರೂಲ್ ಇದ್ಯಮ್ಮ? ಡೈರೆಕ್ಟರ್ ಮನಸ್ಸು ಮಾಡ್ಬೇಕು ಅಷ್ಟೆ.”

ಈ ಕಥೆ ಶುರುವಾಗುತ್ತಿದ್ದಂತೆ ಅಕ್ಕ, “ಬಂತಪ್ಪಾ ಇವರ ಸತ್ತು ಬದುಕೋ ಪುರಾಣ! ಇವರ ಪಿಚ್ಚರಿಗಿಷ್ಟು ಬೆಂಕಿ ಹಾಕ!” ಎಂದು ಎದ್ದು ಕೈ ತೊಳೆಯಲು ಹೋಗುತ್ತಾಳೆ. ಇನ್ನು ನನ್ನ ಸಾಕ್ಷಿ ಕೇಳಬೇಡಿ. ಆವತ್ತು ನಾನೂ ಜೊತೆಗೆ ಹೋಗಿದ್ದೆನಂತೆ. ಎರಡನೇ ಕ್ಲಾಸು. ಅಕ್ಕ ಮೈ ಸರಿಯಿಲ್ಲದೆ ತವರಿನಲ್ಲಿದ್ದಳು, ಭಾವ ಗುಬ್ಬಿಯಿಂದ ಬಂದಿದ್ದರು, ಇಷ್ಟು ನೆನಪಿದೆ. ಟೆಂಟಿನ ಮರಳು, ಹುರಿದ ಕಡಲೆಕಾಯಿ, ಅಕ್ಕನ ತೊಡೆ. ಆಮೇಲೆ ನಿದ್ದೆ.

ಒಂದು ಹಬ್ಬದ ದಿನ ನಮ್ಮ ಯಜಮಾನರು ಬಾಯಿ ಸುಮ್ಮನಿರಲಾರದೆ, “ಟೆಂಟ್‌ನೋನು ರೀಲು ಹಿಂದೆಮುಂದೆ ಹಾಕಿರ್ತಾನೆ ಬುಡಿ ಅಣ್ಣಾ,” ಎಂದರು. ಅಷ್ಟೇ! ಕೋಪವೆಂದರೇನೆಂದು ಗೊತ್ತಿಲ್ಲದ ಭಾವ ಎಲೆ ಮುಂದಿನಿಂದ ಎದ್ದೇಬಿಟ್ಟರು. “ರೀಲು ಸರಿಯಾಗೇ ಇತ್ತು! ಕಂಡೋರ ಹಾಗೆ ಮಾತಾಡ್ಬೇಡಿ!” ಒಬ್ಬಟ್ಟು ಹಾಗೇ ಉಳಿಯಿತು. ಅಲ್ಲಿಂದಾಚೆ ನಮ್ಮ ಬಳಗದಲ್ಲಿ ಇದೊಂದು ಪಂದ್ಯವಾಗಿಹೋಯಿತು. ಆ ಸಿನಿಮಾ ನಿಜವೋ, ಭಾವನ ಬುರುಡೆಯೋ? ಹುಡುಕಿ ತೋರಿಸಿ ಅವರ ಬಾಯಿ ಮುಚ್ಚಿಸುವವರು ಯಾರು?

ನನ್ನ ಮಗಳು ಡಿಗ್ರಿ ಓದುತ್ತಿದ್ದಾಳೆ. “ಹೆಸರು ಹೇಳಿ ದೊಡ್ಡಪ್ಪ, ಈಗ್ಲೇ ಯೂಟ್ಯೂಬಲ್ಲಿ ತೆಗೀತೀನಿ,” ಎಂದಳು. ವಿಚಿತ್ರ ನೋಡಿ, ಜಗತ್ತಿನ ಸೋತ ಸಿನಿಮಾಗಳ ಹೆಸರೆಲ್ಲ ನಾಲಿಗೆಯ ತುದಿಯಲ್ಲಿರುವ ಭಾವನಿಗೆ ಇದರ ಹೆಸರು ಮರೆತುಹೋಗಿತ್ತು! ಅದರ ಪ್ರಿಂಟು ಸುಟ್ಟುಹೋಗಿದೆಯಂತೆ, ಇದ್ದರೂ ಕಣ್ಣಿಗೆ ಕೆಡುಕಂತೆ, ಅದು ಈಗಿನ ಮಕ್ಕಳು ನೋಡುವ ಚಿತ್ರವೇ ಅಲ್ಲವಂತೆ. ಸಿಕ್ಕಿಬೀಳುವ ಹೆದರಿಕೆ ಎಂದು ನಾವೆಲ್ಲ ಒಳಗೊಳಗೇ ನಕ್ಕೆವು.

ಕೊನೆಗೆ ಸುಳಿವು ಕೊಟ್ಟವಳು ಅಕ್ಕನೇ. ಮಂಡಿನೋವಿಗೆ ಬಟವಾಡಿಯ ಡಾಕ್ಟರಿಗೆ ತೋರಿಸಿಕೊಳ್ಳಲು ಇಬ್ಬರೂ ಬಂದು ನಮ್ಮಲ್ಲಿ ಉಳಿದಿದ್ದರು. ಭಾನುವಾರ ಬೆಳಿಗ್ಗೆ ಅಕ್ಕ ಸೊಗಡವರೆ ಸುಲಿಯುತ್ತಾ ಯಾವುದೋ ಹಳೆಯ ಹಾಡು ಗುನುಗುತ್ತಿದ್ದಳು. “ಯಾವ ಪಿಚ್ಚರ್ದು ದೊಡ್ಡಮ್ಮ?” ಎಂದು ಮಗಳು ಕೇಳಿದಳು. “ಅದೇ, ನಿಮ್ಮ ದೊಡ್ಡಪ್ಪನ ಕುದುರೆ ಗಾಡಿ ಪಿಚ್ಚರ್ದು.” ಮಗಳು ಹಾಡಿನ ಮೊದಲ ಸಾಲು ಟೈಪ್ ಮಾಡಿದಳು. ಸಿಕ್ಕೇಬಿಟ್ಟಿತು, ಪೂರ್ತಿ ಸಿನಿಮಾ!

ಊಟವಾದ ಮೇಲೆ ಟಿವಿಯಲ್ಲಿ ಹಾಕಿದಳು. ಭಾವ, “ಗುಬ್ಬಿ ಬಸ್ ಹೊರಟೋಯ್ತದೆ,” ಎಂದರು. “ಗುಬ್ಬಿಗೇನ್ ಒಂದೇ ಬಸ್ಸಾ? ಕೂತ್ಕೊಳಿ ಅಣ್ಣಾ,” ಎಂದು ನಮ್ಮ ಯಜಮಾನರು ಕೈ ಹಿಡಿದು ಕೂರಿಸಿದರು.

ಗಾಡಿ ಬಂತು, ಕುದುರೆ ಬಂತು, ಮಗು ಮಾವಿನಕಾಯಿ ಕಚ್ಚಿಕೊಂಡು ಓಡಿಬಂತು. “ಅತ್ತೆ ಕೂದಲು ಕಪ್ಪಗೇ ಇದೆ ನೋಡು. ಎಲ್ಲಾ ನೆಟ್ಟಗೇ ಹೋಗ್ತಾ ಇದೆ,” ಎಂದು ಯಜಮಾನರು ನನ್ನನ್ನು ತಿವಿದರು. ನಾನು ಭಾವನ ಕಡೆ ನೋಡಿದೆ. ಅವರು ಟಿವಿ ನೋಡುತ್ತಿರಲಿಲ್ಲ. ಅಕ್ಕನನ್ನು ನೋಡುತ್ತಿದ್ದರು. ಅಕ್ಕ ನೆನೆಸಿದ ಅವರೆಕಾಳಿನ ಸಿಪ್ಪೆ ಇದುಕುತ್ತಾ ಕೂತಿದ್ದಳು. ಪರದೆಯ ಮೇಲೆ ಮಗು ಜ್ವರದಲ್ಲಿ ಮಲಗಿತು. ಅಕ್ಕನ ಕೈ ನಿಂತಿತು. ಭಾವ ಎದ್ದು, “ಬಂದೆ,” ಎಂದು ಗೊಣಗಿ ಹೊರಗೆ ಹೋದರು.

ಟಕ್ ಎಂದಿತು. ಟಿವಿ ಆರಿತು, ಫ್ಯಾನು ನಿಂತಿತು.

“ಕರೆಂಟ್ ಹೋಯ್ತು!” ಎಂದಳು ಮಗಳು. ಎದುರು ಮನೆಯ ಮಿಕ್ಸಿ ಮಾತ್ರ ಗರ್ರೆನ್ನುತ್ತಲೇ ಇತ್ತು! ನಮ್ಮ ಮನೆಯ ಮೇನ್ ಸ್ವಿಚ್ ಇರುವುದು ವರಾಂಡದಲ್ಲಿ. ಯಜಮಾನರು ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. “ಸಿಕ್ಕಿಬಿದ್ರು ಅಣ್ಣ!”

“ಪರ್ವಾಗಿಲ್ಲ ದೊಡ್ಡಮ್ಮ, ಫೋನಲ್ಲೇ ನೋಡೋಣ,” ಎಂದಳು ಮಗಳು.

“ಬೇಡ ಬುಡು ಮಗ,” ಎಂದಳು ಅಕ್ಕ. “ಇದಲ್ಲ ನಾವು ನೋಡಿದ್ದು.”

“ನೀವೇ ಅಲ್ವಾ ಹಾಡು ಹೇಳಿದ್ದು?”

“ಹಾಡು ಇದೇ ಇರ್ಬೋದು. ಪಿಚ್ಚರ್ ಬೇರೆ. ನಾವು ನೋಡಿದ್ರಲ್ಲಿ ಮಗು ವಾಪಸ್ ಬರ್ತದೆ. ಅತ್ತೆ ಕೂದಲು ಕಪ್ಪಗಾಯ್ತದೆ. ನಿಮ್ಮ ದೊಡ್ಡಪ್ಪ ಹೇಳೋದೇ ಸರಿ.”

ಯಜಮಾನರ ನಗು ಬಾಯಲ್ಲೇ ನಿಂತಿತು. ಅಕ್ಕನ ಬಾಯಲ್ಲಿ ಈ ಮಾತೇ! ಅವಳು ಕೈ ಒರೆಸಿಕೊಂಡು, ಮಂಡಿ ಹಿಡಿದುಕೊಂಡು, ಕಾಫಿಗೆಂದು ಅಡುಗೆಮನೆಗೆ ಹೋದಳು. ನಾನೂ ಹಿಂದೆ ಹೋದೆ.

ಹಾಲು ಒಲೆಯ ಮೇಲಿಟ್ಟಳು.

“ಆಗ ನನ್ನ ಮೊದಲನೇದು ಹೋಗಿತ್ತು ಕಣೇ,” ಎಂದಳು.

ಅಕ್ಕನ ಮೊದಲ ಮಗು ಉಳಿಯಲಿಲ್ಲ ಎಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿದ್ದು ಯಾರೂ ಆಡದ ಮಾತು. ಆ ಟೆಂಟು ಆ ದಿನಗಳದ್ದೆಂದು ನನಗೆ ಹೊಳೆದಿರಲೇ ಇಲ್ಲ.

“ಎಲ್ರೂ ಅತ್ರು. ನಂಗೆ ಒಂದು ಹನಿ ಕಣ್ಣೀರು ಬರ್ಲಿಲ್ಲ. ಮಾತೂ ಬಿಟ್ಬಿಟ್ಟಿದ್ದೆ. ಅವತ್ತು ಸಂಜೆ ಟೆಂಟ್‌ನಲ್ಲಿ ಹಾಡು ಹಾಕಿದ್ರು. ಪಿಚ್ಚರಿಗೆ ಹೋಗಾಣ ಅಂದೆ. ಅಷ್ಟು ದಿನ ಆದ್ಮೇಲೆ ಆಡಿದ್ ಮಾತು. ಬ್ಯಾಡ ಅನ್ನಕ್ಕಾಯ್ತದಾ ಅವ್ರಿಗೆ? ಪಾಪ, ಅವ್ರು ಹಿಂದಿನ ದಿನಾನೇ ನೋಡ್ಕೊಂಡ್ ಬಂದಿದ್ರು. ಕೊನೇಲಿ ಮಗು ಸಾಯ್ತದೆ ಅಂತ ಗೊತ್ತಿತ್ತು.”

“ಆಮೇಲೆ?”

“ಮೊದಲ್ನೇ ಇಂಟರ್ವಲ್‌ನಲ್ಲಿ ಎದ್ರು. ಎಲ್ಲಿಗೆ ಅಂದೆ. ಒಂದು ಬೀಡಿ ಸೇದ್ಕೊಂಡ್ ಬರ್ತೀನಿ ಅಂದ್ರು.” ಅಕ್ಕನಿಗೆ ನಗು ಬಂತು. “ಬೀಡಿ! ಇವ್ರು! ತಿರುಗಿ ನೋಡ್ತೀನಿ, ರೀಲ್ ಡಬ್ಬಗಳ ಹತ್ರ ಆಪರೇಟರ್ ಮುಂದೆ ಕೈ ಮುಗ್ದು ನಿಂತವ್ರೆ.”

ಹಾಲು ಮೇಲೆ ಬಂತು. ಅಕ್ಕ ಉರಿ ಸಣ್ಣ ಮಾಡಿದಳು.

“ಮಗು ಸತ್ತಾಗ ನಾನು ಗೊಳೋ ಅಂತ ಅತ್ತೆ ನೋಡು, ಟೆಂಟೆಲ್ಲ ತಿರುಗಿ ನೋಡ್ತು. ಆಮೇಲೆ ಅದು ಮಾವಿನಕಾಯಿ ಕಚ್ಕೊಂಡು ಓಡ್ಬಂತಲ್ಲ... ಅವತ್ತು ಮನೆಗೆ ಬಂದು ಊಟ ಮಾಡ್ದೆ.”

“ಎಲ್ಲಾ ಗೊತ್ತಿದ್ದೂ ಇಷ್ಟು ವರ್ಷ ಅವರ ಕಥೆಗೆ ಬಯ್ತಿದ್ಯಲ್ಲಕ್ಕ?”

“ಬಯ್ಯದೇ ಇದ್ರೆ ನಂಗೆ ಗೊತ್ತು ಅಂತ ಅವ್ರಿಗೆ ಗೊತ್ತಾಗಲ್ವ? ನೀನೂ ಬಾಯ್ ಬುಡಬ್ಯಾಡ.”

ತಲೆಕೆಳಗಾದ ಆ ಒಂದು ಸಿನಿಮಾ ಸರಿಯೆಂದು ಸಾಧಿಸುವುದಕ್ಕೆ, ಪಾಪ, ಲೋಕದ ತಲೆಕೆಳಗಾದ ಸಿನಿಮಾಗಳನ್ನೆಲ್ಲ ಈ ಮನುಷ್ಯ ವಹಿಸಿಕೊಳ್ಳಬೇಕಾಯಿತೇ?

ಕಾಫಿ ಲೋಟ ಹಿಡಿದು ವರಾಂಡಕ್ಕೆ ಹೋದೆ. ಭಾವ ಮೇನ್ ಸ್ವಿಚ್ಚಿನ ಕೆಳಗೆ, ಅದಕ್ಕೆ ಬೆನ್ನು ಕೊಟ್ಟು, ಕಾವಲು ನಿಂತವರಂತೆ ನಿಂತಿದ್ದರು. ನನ್ನನ್ನು ನೋಡಿ ಬೆಚ್ಚಿದರು.

“ಇಲ್ಲೇನ್ ಮಾಡ್ತಿದೀರಾ ಭಾವ?”

“ಏನಿಲ್ಲ ಕಣಮ್ಮ. ಸುಮ್ನೆ... ಒಂದು ಬೀಡಿ ಸೇದಾಣ ಅಂತ.”

ಕೈಯಲ್ಲಿ ಬೀಡಿಯೂ ಇರಲಿಲ್ಲ, ಬೆಂಕಿಪೊಟ್ಟಣವೂ ಇರಲಿಲ್ಲ. ನಾನು ಲೋಟವನ್ನು ಕಟ್ಟೆಯ ಮೇಲಿಟ್ಟೆ.

“ನಿಧಾನಕ್ಕೆ ಸೇದಿ ಭಾವ,” ಎಂದೆ. ಒಳಗೆ ಬಂದು, ಕರೆಂಟು ಬರುವುದು ಸಂಜೆಯಾಗುತ್ತದಂತೆ ಎಂದು ಮಗಳಿಗೆ ಹೇಳಿದೆ.