ಸತ್ತವರ ಸಲುವಾಗಿ ತಂದ ಕೈಗವಸು

ನನ್ನ ಹೆಂಡತಿ ಮಾಯಾಳಿಗೆ ಮುಂದಾಲೋಚನೆ ಎಂಬುದೇ ಇಲ್ಲ. ಮನೆಯ ಸಮಸ್ತ ಮುಂದಾಲೋಚನೆಯನ್ನೂ ನಾನೊಬ್ಬನೇ ಹೊರಬೇಕು.

ಮಸಗುಪ್ಪಿಯ ನಮ್ಮ ಓಣಿಗೆ ಕೇಬಲ್ ಬಂದ ವರ್ಷವದು, ಎರಡು ಸಾವಿರದ ಮೂರು. ಒಂದು ಭಾನುವಾರ ಇಂಗ್ಲಿಷ್ ಸಿನಿಮಾ ನೋಡಿದೆವು. ಸತ್ತ ಹೆಣಗಳು ಎದ್ದು ಬಂದು ಬದುಕಿದವರನ್ನು ಕಚ್ಚುತ್ತವೆ. ಕಚ್ಚಿಸಿಕೊಂಡವರೂ ಹೆಣಗಳಾಗಿ ಮತ್ತೊಬ್ಬರನ್ನು ಕಚ್ಚಲು ಹೊರಡುತ್ತಾರೆ. (ನಮ್ಮ ಬೀಗರ ಮನೆಯ ಸಿಟ್ಟೂ ಹೀಗೆಯೇ ಹರಡುತ್ತದೆ.) ತಳ್ಳಲು ಕೈ ಚಾಚಿದವರಿಗೆಲ್ಲ ಮೊದಲ ಕಡಿತ ಕೈಗೇ ಬಿದ್ದದ್ದನ್ನು ನಾನು ಗಮನಿಸಿದೆ.

"ಮನಿಯಾಗ ಒಂದ ಜೋಡಿ ಕೈಗವಸು ಇರಬೇಕ," ಎಂದೆ.

"ಹೆಣಾ ಇಲ್ಲೀತನಕ ಹೆಂಗ ಬರ್ತಾವ್ರಿ? ಬಸ್ಸ ಇರೂದ ದಿನಕ್ಕ ಎರಡ."

ಉಣ್ಣೆಯ ಕೈಗವಸು ಹಾಕಿ ನಾನೇ ಕಚ್ಚಿ ನೋಡಿದೆ. ಹಲ್ಲು ಸಲೀಸಾಗಿ ಇಳಿಯಿತು. ರಬ್ಬರಿನದು ಹರಿದೇಹೋಯಿತು. ಕಡೆಗೆ ಮೂಡಲಗಿಯ ವೆಲ್ಡಿಂಗ್ ಅಂಗಡಿಯ ಕೇದಾರಿಯಿಂದ ಮೊಣಕೈವರೆಗೆ ಬರುವ ದಪ್ಪ ಚರ್ಮದ್ದನ್ನು ತಂದೆ. ಕಚ್ಚಿದೆ. ನನ್ನ ಹಲ್ಲೇ ಅಲುಗಾಡಿತು. ಇದೇ ಸರಿ!

ಬುಧವಾರ ಸಂಜೆ ತಾಲೀಮು. ಹೆಣಗಳು ಎಳೆದರೂ ಕಳಚಬಾರದೆಂದು ಎರಡೂ ಮೊಣಕೈಗೆ ಮಾಯಾಳಿಂದ ಹುರಿ ಬಿಗಿಸಿಕೊಂಡೆ.

"ಕೈಲಾಗದ ಗಂಡಗ ಕೈಗವಸ ಬ್ಯಾರೆ," ಎನ್ನುತ್ತ ಅವಳು ಪಾತ್ರೆ ತೊಳೆಯಲು ಅಂಗಳಕ್ಕೆ ಹೋದಳು. ನಾನು ಬಾಗಿಲು ಮುಚ್ಚಿ, ಮುಷ್ಟಿಯಿಂದ ಗುದ್ದಿ ಚಿಲಕ ಜಡಿದೆ. ಎಂಥ ದುರ್ಭೇದ್ಯ ಕೋಟೆ!

ಅಷ್ಟರಲ್ಲಿ ಪಕ್ಕದ ಮನೆಯ ಮಾಳಪ್ಪ ಚೀರಿದ: "ಹುಚ್ಚನಾಯಿ ಬಂತ! ಒಳಗ ಹೋಗ್ರಿ!"

ಬಾಗಿಲ ಪಕ್ಕದ ಕಿಟಕಿಯಲ್ಲಿ ಇಣುಕಿದೆ. ಜೊಲ್ಲು ಸುರಿಸುತ್ತ, ತೂರಾಡುತ್ತ ನಾಯಿ ನಮ್ಮ ಅಂಗಳಕ್ಕೇ ನುಗ್ಗಿತ್ತು. ಮಾಯಾ ಓಡಿಬಂದು ಬಾಗಿಲು ಬಡಿಯತೊಡಗಿದಳು.

"ತಗೀರಿ! ಲಗೂನ ತಗೀರಿ!"

"ತಗ್ಯಾಕತ್ತೇನಿ!"

ಚಿಲಕ ಎತ್ತಲು ಬೆರಳು ಬೇಕು. ನನಗಿದ್ದದ್ದು ಎರಡು ಒನಕೆ. ಜಾರಿತು. ಮತ್ತೆ ಜಾರಿತು. ಹುರಿಯ ಗಂಟು ಕಚ್ಚಿ ಬಿಚ್ಚೋಣವೆಂದರೆ ತನ್ನ ಮೊಣಕೈಗೆ ಯಾವ ಮನುಷ್ಯನ ಬಾಯಿಯೂ ಮುಟ್ಟುವುದಿಲ್ಲ. ನಾಯಿಯ ಗುರುಗುಟ್ಟುವಿಕೆ ಹೊಸ್ತಿಲ ಬಳಿಯೇ ಕೇಳಿತು. ಬಡಿತ ನಿಂತಿತು.

"ಮಾಯಾ!"

ಎರಡೂ ಒನಕೆಯಿಂದ ಬಾಗಿಲು ಗುದ್ದಿದೆ. ಹೊರಗೆ ಢಣ್ ಎಂದು ಸದ್ದಾಯಿತು.

ಕಿಟಕಿಗೆ ಮುಖ ಹಚ್ಚಿದೆ. ಎಮ್ಮೆಗೆ ನೀರಿಡುವ ತಗಡಿನ ಟಬ್ಬನ್ನು ನಾಯಿಯ ಮೇಲೆ ಬೋರಲು ಹಾಕಿ, ಅದರ ಮೇಲೆ ಮಾಯಾ ಕೂತಿದ್ದಳು. ಬರಿಗೈಯಲ್ಲಿ! ಮಾಳಪ್ಪ ಓಡಿಬಂದು ಟಬ್ಬಿನ ಮೇಲೆ ಬೀಸುವ ಕಲ್ಲು ಹೇರಿದ. ಅವಳು ಎದ್ದು, ಕಿಟಕಿಯಿಂದ ಕೈ ತೂರಿಸಿ ತಾನೇ ಚಿಲಕ ತೆಗೆದಳು.

ಒಳಗೆ ಬಂದವಳೇ ನನ್ನ ಹುರಿಗೆ ಕೈ ಹಾಕಿದಳು. ಬಿಗಿದ ಗಂಟು ಬೆರಳಿಗೆ ಸಡಿಲದೆ, ಸಿಟ್ಟಿನಿಂದ ಹಲ್ಲು ಹಾಕಿ ಎಳೆದಳು. ಹುರಿ ತಪ್ಪಿತು, ಕೈಗವಸು ಮುಗಿದ ಜಾಗದಲ್ಲಿ ನನ್ನ ತೋಳು ಸಿಕ್ಕಿತು.

ಮರುದಿನ ದವಾಖಾನೆಯ ಡಾಕ್ಟರು ಗಾಯ ನೋಡಿ, ನಾಯಿ ಕಡಿತವೆಂದೇ ತಿಳಿದು, "ಕಡದದ್ದು ಜೀವಂತ ಐತೇನ್ರಿ? ಹತ್ತ ದಿನಾ ಅದರ ಮ್ಯಾಲ ನಿಗಾ ಇಡಬೇಕ," ಎಂದರು.

ನಾನು ಬಾಯಿ ತೆರೆಯುವ ಮೊದಲೇ ಮಾಯಾ ಹೇಳಿದಳು:

"ಜೀವಂತ ಐತ್ರಿ. ಆದ್ರ ಆ ಹತ್ತೂ ದಿನಾ ಇವರಿಗೆ ಅಡಗಿ ಮಾಡಿ ಹಾಕೂದಿಲ್ಲಂತ್ರಿ."