ಧ್ವಜಾಯದ ಕನ್ಸೋಲು

ಕುವೈತಿನಿಂದ ಊರಿಗೆ ಮರಳುವವರು ಆ ಕಾಲದಲ್ಲಿ ಟೇಪ್ ರೆಕಾರ್ಡರ್, ನೈಲಾನ್ ಸೀರೆ, ಸೆಂಟಿನ ಬಾಟಲಿ ಮತ್ತು ಸ್ವಲ್ಪ ಹೊಟ್ಟೆ ತರುತ್ತಿದ್ದರು. ಕೊಟ್ಟಾರದ ಲೋಕಯ್ಯ ಇವೆಲ್ಲವನ್ನೂ ತಂದ. ಜೊತೆಗೆ ತಲೆಯೊಳಗೆ ಒಂದು ಮರದ ಪೆಟ್ಟಿಗೆಯನ್ನೂ ತಂದ. ಬೊಂಬಾಯಿಯ ಕಸ್ಟಮ್ಸಿನವರು ಅವನ ಸೂಟ್‌ಕೇಸನ್ನು ತಲೆಕೆಳಗು ಮಾಡಿ ನೋಡಿದರೇ ಹೊರತು ತಲೆಯನ್ನು ತಡಕಲಿಲ್ಲ. ತಡಕಿದ್ದರೆ ಅವನ ಹೆಂಡತಿ ದೇಯಿಗೆ ಮುಂದಿನ ಉಪದ್ರವೆಲ್ಲ ತಪ್ಪುತ್ತಿತ್ತು.

ಪಾಪ, ದೇಯಿ ಗಂಡನನ್ನು ಕಂಡದ್ದೇ ಕಂತುಕಂತಾಗಿ. ಮದುವೆಯ ಹೂವು ಬಾಡುವ ಮೊದಲೇ ಅವನು ಕಡಲು ದಾಟಿದ್ದ. ಆಮೇಲೆ ರಜೆಯಲ್ಲಿ ಬಂದಾಗೆಲ್ಲ ನೆಂಟರ ಮನೆಗಳಿಗೆ ಸೆಂಟು ಹಂಚುವುದರಲ್ಲೇ ರಜೆ ಮುಗಿಯುತ್ತಿತ್ತು. ಎಂಬತ್ತರ ಇಸವಿಯ ಹೊತ್ತಿಗೆ 'ಇನ್ನು ಸಾಕು' ಎಂದು ಅವನು ಖಾಯಂ ಆಗಿ ಬಂದು, ಹಳೆಯದೊಂದು ಪಿಕಪ್ ಗಾಡಿ ಕೊಂಡು ಬಾಡಿಗೆಗೆ ಓಡಿಸತೊಡಗಿದಾಗ, ದೇಯಿಗೆ ನಿಜವಾಗಿ ಮದುವೆಯಾದದ್ದು ಆಗಲೇ ಅನಿಸಿತ್ತು.

ವಾರವಿಡೀ ಆ ಪಿಕಪ್ಪು ಮನೆ ಬದಲಾಯಿಸುವವರ ಮಂಚ, ಮದುವೆಮನೆಯ ಪಾತ್ರೆ, ಹಂಚು, ತೆಂಗಿನಕಾಯಿ ಹೊರುತ್ತಿತ್ತು. ಭಾನುವಾರ ಮೈ ತೊಳೆದುಕೊಂಡು ಕುಟುಂಬದ ಕಾರಾಗುತ್ತಿತ್ತು. ಮುಂದೆ ಉದ್ದಕ್ಕೆ ಒಂದೇ ಸೀಟು. ಬಲಕ್ಕೆ ಸ್ಟೇರಿಂಗ್ ಹಿಡಿದ ಲೋಕಯ್ಯ. ಎಡಕ್ಕೆ ಕಿಟಕಿಯ ಬಳಿ ಅವನ ತಾಯಿ ಕಿನ್ನಿಯಕ್ಕ (ಎಲೆಯಡಿಕೆ ಉಗುಳಲು ಕಿಟಕಿ ಬೇಕೇ ಬೇಕು). ಇಬ್ಬರ ನಡುವೆ ದೇಯಿ. ಕಿನ್ನಿ ಅಂದರೆ ತುಳುವಿನಲ್ಲಿ ಸಣ್ಣದು. ಹೆಸರಿಟ್ಟವರು ಮುಂದಾಲೋಚನೆ ಮಾಡಿರಲಿಲ್ಲ. ಆಕೆ ಕೂತು ಉಳಿದ ಜಾಗದಲ್ಲಿ ದೇಯಿ ಗಂಡನಿಗೆ ಅಂಟಿಕೊಂಡೇ ಕೂರಬೇಕಾಗುತ್ತಿತ್ತು. ಅದರ ಬಗ್ಗೆ ಅವಳು ಯಾರ ಹತ್ತಿರವೂ ದೂರು ಹೇಳಿದ್ದಿಲ್ಲ.

ಗೇರ್ ಲಿವರು ಇದ್ದದ್ದು ಸರಿಯಾಗಿ ದೇಯಿಯ ಮೊಣಕಾಲಿನ ಎದುರಿಗೆ. ಸೆಕೆಂಡ್ ಗೇರಿಗೆ ಹಾಕುವಾಗ ಲೋಕಯ್ಯನ ಕೈ ತಾಗಿದರೆ, "ಗೇರ್ ನೋಡಿ ಹಾಕಿ" ಎಂದು ಅವಳು ಮೆಲ್ಲಗೆ ಗದರುತ್ತಿದ್ದಳು. ಕಿನ್ನಿಯಕ್ಕ ಆಗ ಕಿಟಕಿಯ ಹೊರಗೆ ಬಹಳ ಆಸಕ್ತಿಯಿಂದ ನೋಡುತ್ತಿದ್ದರು. ಇನ್ನು ರಿವರ್ಸ್. ಅದಕ್ಕೆ ಲಿವರನ್ನು ಪೂರ್ತಿ ಎಡಕ್ಕೆ ಎಳೆದು ಬೇರೆ ಗೇರುಗಳಿಗಿಂತ ಹೆಚ್ಚು ಹಿಂದಕ್ಕೆ ತರಬೇಕು. ಲೋಕಯ್ಯ ಕತ್ತು ಹಿಂದೆ ತಿರುಗಿಸಿದನೋ ಇಲ್ಲವೋ, ದೇಯಿ ಮಾತಾಡುತ್ತಿದ್ದ ಮಾತು ನಿಲ್ಲಿಸದೆ ಮೊಣಕಾಲನ್ನು ಅತ್ತ ಸರಿಸಿ ಜಾಗ ಮಾಡಿಕೊಡುತ್ತಿದ್ದಳು. ಎಷ್ಟು ಸಲೀಸಾಗಿ ಅಂದರೆ, ರಿವರ್ಸ್ ಗೇರಿಗೆ ಜಾಗ ಬೇಕು ಎಂಬುದೇ ಲೋಕಯ್ಯನಿಗೆ ಮರೆತುಹೋಗಿತ್ತು.

ಇಂಥ ರಾಮರಾಜ್ಯದಲ್ಲಿ ಒಂದು ಸಂಜೆ ಲೋಕಯ್ಯ ಚಹಾ ಕುಡಿಯುತ್ತ ಘೋಷಿಸಿದ: "ನಮ್ಮ ಗಾಡಿಗೆ ಒಂದು ಕನ್ಸೋಲ್ ಮಾಡಿಸಬೇಕು."

"ಎಂತ ಸೋಲು?" ಎಂದರು ಕಿನ್ನಿಯಕ್ಕ.

"ಕನ್ಸೋಲ್, ಅಮ್ಮ. ಕುವೈತಿನಲ್ಲಿ ನಾನು ಓಡಿಸ್ತಿದ್ದ ಅಮೆರಿಕದ ಪಿಕಪ್‌ನಲ್ಲಿ ಇತ್ತು. ಎರಡು ಸೀಟಿನ ನಡುವೆ ಒಂದು ಪೆಟ್ಟಿಗೆ. ಕ್ಯಾಸೆಟ್ ಅದರೊಳಗೆ, ಫ್ಲಾಸ್ಕ್ ಅದರೊಳಗೆ, ಬಿಲ್ಲು, ಬಾಚಣಿಗೆ ಎಲ್ಲ ಅದರೊಳಗೆ. ಮೇಲೆ ಹೀಗೆ ಮೊಣಕೈ ಇಟ್ಟುಕೊಂಡು ಹೋಗುವುದು. ಎಂತ ಗತ್ತು ಗೊತ್ತುಂಟಾ?"

"ಎರಡು ಸೀಟು ಎಲ್ಲುಂಟು? ನಮ್ಮದು ಒಂದೇ ಅಲ್ವಾ?" ಎಂದಳು ದೇಯಿ.

"ಕತ್ತರಿಸಿದರೆ ಎರಡಾಗ್ತದೆ."

ಒಂದನ್ನು ಕತ್ತರಿಸಿದರೆ ಎರಡಾಗುತ್ತದೆ ಎಂಬುದು ದೇಯಿಗೂ ಗೊತ್ತು. ಆದರೆ ನಡುವಿನ ತುಂಡು ಯಾರದು ಎಂಬ ಪ್ರಶ್ನೆ ಅವಳ ಬಾಯಿಯ ತನಕ ಬಂದು ವಾಪಸು ಹೋಯಿತು. ಗಂಡ ತಾನಾಗಿ ಯೋಚಿಸಲಿ ಎಂದು ಅವಳು ಚಹಾದ ಲೋಟ ಎತ್ತಿಕೊಂಡು ಒಳಗೆ ಹೋದಳು. ಗಂಡಸರು ತಾವಾಗಿ ಯೋಚಿಸುತ್ತಾರೆ ಎಂದು ನಂಬಿ ಎಷ್ಟೋ ಹೆಂಗಸರು ಕೆಟ್ಟಿದ್ದಾರೆ.

ಸೀಟು ಹೊಲಿಯುವ ಅಹ್ಮದ್ ಬಾವ ಕತ್ತರಿ ಎತ್ತಿಯೂ ಒಮ್ಮೆ ನಿಂತರು. "ಇಷ್ಟು ಚೆಂದದ ಸೀಟನ್ನು ಕೊಯ್ಯುವುದಾ ಲೋಕಣ್ಣ? ಮನೆಯಲ್ಲಿ ಕೇಳಿದ್ದೀರಾ?"

"ಮನೆಯಲ್ಲಿ ಕೇಳುವ ವಿಷಯವಾ ಬಾವಾಕ ಇದು? ಇದು ಟೆಕ್ನಿಕಲ್."

ಟೆಕ್ನಿಕಲ್ ಎಂದ ಮೇಲೆ ಅಹ್ಮದ್ ಬಾವ ಕೊಯ್ದೇ ಬಿಟ್ಟರು. ನಡುವಿನ ತುಂಡನ್ನು ಮಾತ್ರ ಅಂಚು ಹೊಲಿದು, "ಇದು ಮನೆಯವರಿಗೆ ಕೊಡಿ" ಎಂದು ಕಾಗದ ಸುತ್ತಿ ಕೊಟ್ಟರು. ದೇಯಿ ಅದನ್ನು ತೆಗೆದುಕೊಂಡು, ಹಿಂದೆ ಮುಂದೆ ತಿರುಗಿಸಿ ನೋಡಿ, ಅಡುಗೆಮನೆಗೆ ಒಯ್ದಳು. ಅಂದಿನಿಂದ ಕಾಯಿ ತುರಿಯುವಾಗ ತುರಿಮಣೆಯ ಮೇಲೆ ಅದನ್ನು ಹಾಕಿ ಕೂರತೊಡಗಿದಳು. ತುರಿಯುವ ಸದ್ದು ಸ್ವಲ್ಪ ಜೋರಾಗಿತ್ತು ಅಷ್ಟೆ.

ಪೆಟ್ಟಿಗೆ ಮಾಡುವ ಗುತ್ತಿಗೆ ಮೋಹನದಾಸ ಆಚಾರಿಗೆ ಸಿಕ್ಕಿತು. ಹಲಸಿನ ಹಲಗೆ, ಹಿತ್ತಾಳೆಯ ಬೀಗ, ಕ್ಯಾಸೆಟ್ಟಿಗೆ ಗೂಡು, ಫ್ಲಾಸ್ಕಿಗೆ ದುಂಡಗಿನ ತೂತು. ಲೋಕಯ್ಯ ಕುವೈತನ್ನು ನೆನಪು ಮಾಡಿಕೊಂಡು ಅಂಗಳದಲ್ಲಿ ಇದ್ದಿಲಿನಿಂದ ಚಿತ್ರ ಬರೆದ. ಆಚಾರಿ ಗಾಡಿಯೊಳಗೆ ಹೊಕ್ಕು ಅಳತೆಯನ್ನೂ ತೆಗೆದ. ಎಲ್ಲ ಸುಸೂತ್ರವಾಗಿ ಮುಗಿಯುತ್ತಿತ್ತು. ಅಷ್ಟರಲ್ಲಿ ಕಿನ್ನಿಯಕ್ಕ ಜಗಲಿಯಿಂದ ಕೇಳಿದರು:

"ಆಚಾರಿ, ಆಯ ನೋಡಿದೆಯಾ?"

ಆಯ ಅಂದರೆ ಅಳತೆಯ ಶುಭಾಶುಭದ ಲೆಕ್ಕ. ಮನೆಗೆ ಆಯ ಉಂಟು, ಬಾವಿಗೆ ಉಂಟು, ಬಾಗಿಲಿಗೆ, ಮಂಚಕ್ಕೂ ಉಂಟು. ಅಳತೆ ಯಾವ ಆಯಕ್ಕೆ ಬೀಳುತ್ತದೆ ಎಂದು ಲೆಕ್ಕ ಹಾಕದೆ ಮರಕ್ಕೆ ಉಳಿ ಇಡುವವರು ನಮ್ಮ ಕಡೆ ಕಡಿಮೆ. ಆದರೆ ಅಮೆರಿಕದ ಕನ್ಸೋಲಿಗೆ ಆಯ ಕೇಳಿದವರಲ್ಲಿ ಕಿನ್ನಿಯಕ್ಕನೇ ಪ್ರಪ್ರಥಮರು. ಆಚಾರಿ ಬೆರಳು ಮಡಚಿ ಬಿಡಿಸಿ ಮುಖ ಸಣ್ಣ ಮಾಡಿದ.

"ಉದ್ದ ಖರಾಯಕ್ಕೆ ಬರ್ತದೆ, ಅಕ್ಕ."

"ಖರ ಅಂದರೆ?"

"ಕತ್ತೆ."

"ಶಿವನೇ! ಕತ್ತೆಯ ಆಯದ ಪೆಟ್ಟಿಗೆ ಇಟ್ಟುಕೊಂಡು ನನ್ನ ಮಗ ರಸ್ತೆಗೆ ಹೋಗುವುದಾ?"

"ಹೊರುವ ಗಾಡಿಗೆ ಕತ್ತೆಯ ಆಯ ಅಲ್ಲದೆ ಮತ್ತೆ ಯಾವುದು ಬರುವುದು ಮಾಮಿ?" ಎಂದು ದೇಯಿ ಒಳಗಿನಿಂದ ಹೇಳಿದಳು. ಅವಳ ಮಾತನ್ನು ಯಾರೂ ಗಣನೆಗೆ ತೆಗೆದುಕೊಳ್ಳಲಿಲ್ಲ.

ಲೋಕಯ್ಯ ಏನೇ ಕುವೈತು ಕಂಡವನಾದರೂ ಕತ್ತೆ ಎಂದ ಮೇಲೆ ಅವನ ಎದೆಯೂ ಅಳುಕಿತು. "ಎಲ್ಲಕ್ಕಿಂತ ಒಳ್ಳೆಯದು ಧ್ವಜಾಯ ಅಲ್ವಾ, ಅದಕ್ಕೆ ತರಲಿಕ್ಕೆ ಆಗ್ತದಾ?" ಎಂದು ಕೇಳಿದ. ಆಗದೆ ಏನು? ಉದ್ದ ಸ್ವಲ್ಪ ಹೆಚ್ಚಿಸಿದರಾಯಿತು. ಹಿಂದಕ್ಕೆ ಹೆಚ್ಚಿಸಲು ಗಾಡಿಯ ತಗಡು ಅಡ್ಡ, ಆದ್ದರಿಂದ ಮುಂದಕ್ಕೆ ಹೆಚ್ಚಿಸಿದರು. ಗೇರು ಆಗ ನ್ಯೂಟ್ರಲ್‌ನಲ್ಲಿ ಸಾಧುವಾಗಿ ನಿಂತಿತ್ತು. ಲಿವರಿಗೂ ಪೆಟ್ಟಿಗೆಗೂ ನಡುವೆ ಒಂದು ಕೈ ಹೋಗುವಷ್ಟು ಜಾಗ ಉಂಟು ಎಂದು ಇಬ್ಬರೂ ಮುಟ್ಟಿ ನೋಡಿ ತಲೆಯಾಡಿಸಿದರು.

ಶನಿವಾರ ಸಂಜೆ ರಸ್ತೆ ಬದಿಯಲ್ಲೇ ಗಾಡಿ ನಿಲ್ಲಿಸಿ ಪೆಟ್ಟಿಗೆ ಕೂರಿಸಿ ಸ್ಕ್ರೂ ಬಿಗಿದರು. ಪಾಲಿಶ್ ಮಿರಿಮಿರಿ ಮಿಂಚಿತು. ಲೋಕಯ್ಯ ಮೊಣಕೈ ಇಟ್ಟು ನೋಡಿದ. ಆಹಾ! ಕಿನ್ನಿಯಕ್ಕ ಎಲೆಯಡಿಕೆಯ ಚೀಲ ಇಟ್ಟು ನೋಡಿದರು. ಅವರಿಗೂ ಆಹಾ!

ಮರುದಿನ ಕೂಳೂರಿನಾಚೆ ದೇಯಿಯ ಅಣ್ಣ ಬೋಜನ ಹೊಸ ಮನೆಯ ಒಕ್ಕಲು. ದೇಯಿ ಕುವೈತಿನ ನೈಲಾನ್ ಸೀರೆ ಉಟ್ಟು, ಉಡುಗೊರೆಯ ಹಿತ್ತಾಳೆ ದೀಪವನ್ನು ಎದೆಗವಚಿಕೊಂಡು ಬಂದು ನೋಡುತ್ತಾಳೆ: ಬಲಕ್ಕೆ ಗಂಡ, ಎಡಕ್ಕೆ ಅತ್ತೆ, ನಡುವೆ ಧ್ವಜಾಯ.

ಲೋಕಯ್ಯನಿಗೆ ಆಗ ಹೊಳೆಯಿತು. ಆದರೆ ಹೊಳೆದದ್ದನ್ನು ಒಪ್ಪಿಕೊಂಡರೆ ಗಂಡಸುತನ ಎಲ್ಲಿ ಉಳಿಯಿತು? "ಇವತ್ತೊಂದು ದಿನ ಹಿಂದೆ ಅಡ್ಜಸ್ಟ್ ಮಾಡ್ತೀಯಾ? ಒಳ್ಳೆ ಗಾಳಿ ಬರ್ತದೆ" ಎಂದ.

ದೇಯಿ ಒಳಗೆ ಹೋದಳು. ಮುನಿಸಿಕೊಂಡು ಹೋದಳೇನೋ ಎಂದು ಲೋಕಯ್ಯ ಹೆದರುವಷ್ಟರಲ್ಲಿ ತುರಿಮಣೆಯ ಮೇಲಿನ ಆ ಕುಶನ್ ತುಂಡನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಬಂದು, ಹಿಂದಿನ ತೊಟ್ಟಿಗೆ ಹತ್ತಿ, ಒಕ್ಕಲಿಗೆಂದು ಹೇರಿದ್ದ ಬಾಳೆಗೊನೆಯ ಪಕ್ಕ ಅದನ್ನು ಹಾಕಿ ಕೂತಳು. ಲೋಕಯ್ಯ ಗಾಡಿ ಬಿಟ್ಟ. ಸೆಕೆಂಡ್ ಗೇರು ಸಲೀಸಾಗಿ ಬಿತ್ತು, ಯಾರ ಮೊಣಕಾಲೂ ತಾಗಲಿಲ್ಲ, ಯಾರೂ ಗದರಲಿಲ್ಲ. ಕೂಳೂರು ಹೊಳೆಯ ಸಂಕ ದಾಟುವಾಗ ಕನ್ನಡಿಯಲ್ಲಿ ನೋಡಿದರೆ ದೇಯಿಯ ಸೆರಗು ಹಾರುತ್ತಿತ್ತು, ಮುಖ ಹೊಳೆಯ ಕಡೆಗಿತ್ತು. ಕನ್ಸೋಲಿನ ಮೇಲೆ ಊರಿದ ಮೊಣಕೈಗೆ ಯಾಕೋ ಸುಖವಾಗಲಿಲ್ಲ.

ಬೋಜನ ಮನೆಗೆ ಹೋಗುವ ಓಣಿ ಅಂದರೆ ಎರಡು ಕೆಂಪುಕಲ್ಲಿನ ಪಾಗಾರಗಳ ನಡುವೆ ಒಂದು ಗಾಡಿ ಉಸಿರು ಹಿಡಿದು ಹೋಗುವಷ್ಟು ಜಾಗ. ಅರ್ಧ ಓಣಿ ದಾಟಿದಾಗ ಎದುರಿಗೆ ಹೂವು ಮುಡಿದ ಅಂಬಾಸಿಡರ್. ಒಳಗೆ ಪೇಟ ಕಟ್ಟಿದ ಮದುಮಗ. ಹಿಂದೆ ದಿಬ್ಬಣದ ವ್ಯಾನು.

"ಸ್ವಲ್ಪ ರಿವರ್ಸ್ ಹೋಗಿ ಮಾರಾಯ್ರೆ, ಮುಹೂರ್ತಕ್ಕೆ ಹೊತ್ತಾಯ್ತು" ಎಂದ ಡ್ರೈವರ್.

"ಅದಕ್ಕೇನಂತೆ!" ಎಂದು ಲೋಕಯ್ಯ ಕತ್ತು ಹಿಂದೆ ತಿರುಗಿಸಿ ಲಿವರನ್ನು ಎಡಕ್ಕೆ ಎಳೆದು ಹಿಂದಕ್ಕೆ ತಂದ. ಟಕ್. ಹಲಸಿನ ಮರ. ಇನ್ನೊಮ್ಮೆ ತಂದ. ಟಕ್. ಅಭ್ಯಾಸಬಲದಿಂದ "ಸ್ವಲ್ಪ ಸರಿ" ಅಂದ. ದೇಯಿಯಾದರೆ ಹೇಳದೆಯೇ ಸರಿಯುತ್ತಿದ್ದಳು. ಪೆಟ್ಟಿಗೆ ಹೇಳಿದರೂ ಸರಿಯಲಿಲ್ಲ.

"ಎಂತ ಆಯ್ತು?" ಎಂದು ಡ್ರೈವರ್ ಕೇಳಿದ.

"ಎಂತ ಇಲ್ಲ, ನೀವೇ ಹಿಂದೆ ಹೋಗಬಹುದಲ್ಲಾ?"

"ಹಿಂದೆ ವ್ಯಾನ್ ಉಂಟು, ವ್ಯಾನಿನ ಹಿಂದೆ ಜೀಪು ಉಂಟು. ನಿಮ್ಮ ಗಾಡಿಗೆ ರಿವರ್ಸ್ ಇಲ್ವಾ?"

"ಉಂಟು" ಎಂದ ಲೋಕಯ್ಯ ಘನತೆಯಿಂದ. "ಆದರೆ ಬೀಳುವುದಿಲ್ಲ."

ಪೆಟ್ಟಿಗೆ ಬಿಚ್ಚೋಣವೆಂದರೆ ಸ್ಕ್ರೂಡ್ರೈವರು ಮನೆಯಲ್ಲಿ. ಕನ್ಸೋಲಿಗೆ ಜಾಗ ಮಾಡಲು ಸಾಮಾನಿನ ಚೀಲವನ್ನೇ ಇಳಿಸಿಟ್ಟಿದ್ದ. ಕೊನೆಗೆ ದಿಬ್ಬಣದ ಗಂಡಸರೆಲ್ಲ ಬಿಳಿ ಮುಂಡು ಮೇಲೆ ಕಟ್ಟಿ ಪಿಕಪ್ಪನ್ನು ಹಿಂದಕ್ಕೆ ನೂಕಲು ನಿಂತರು. ದೇಯಿ ಇಳಿಯಲು ಎದ್ದಳು. ಮದುಮಗನ ಕಡೆಯ ಹಿರಿಯರೊಬ್ಬರು, "ಬೇಡ ತಂಗಿ, ಇಳಿಯಬೇಡ. ದೀಪ ಹಿಡಿದ ಮುತ್ತೈದೆ ಎದುರಿಗೆ ಬಂದದ್ದು ನಮ್ಮ ಭಾಗ್ಯ" ಎಂದುಬಿಟ್ಟರು. ಹೀಗೆ ದೇಯಿ ಮೇಲೆ ದೀಪ ಹಿಡಿದು ಮಹಾರಾಣಿಯ ಹಾಗೆ ಕೂತಳು, ಕೆಳಗೆ ದಿಬ್ಬಣ ಏದುಸಿರು ಬಿಡುತ್ತ ನೂಕಿತು, ಕಿಟಕಿಯಿಂದ ಕಿನ್ನಿಯಕ್ಕ "ಸ್ವಲ್ಪ ಬಲಕ್ಕೆ, ಸ್ವಲ್ಪ ಎಡಕ್ಕೆ" ಎಂದು ನಿರ್ದೇಶನ ಕೊಟ್ಟರು, ಲೋಕಯ್ಯ ಕುತ್ತಿಗೆ ತಿರುಚಿಕೊಂಡು ಸ್ಟೇರಿಂಗ್ ಹಿಡಿದು ಬೆವೆತ. ಪಾಗಾರದ ಮೇಲಿನಿಂದ ಇಣುಕಿದ ಹೆಂಗಸೊಬ್ಬಳು "ಎಂತದು ಮೆರವಣಿಗೆ?" ಎಂದು ಕೇಳಿದಾಗ ದೇಯಿಗೆ ತಡೆಯಲಾಗಲಿಲ್ಲ. ನಕ್ಕಳು. ಸೀಟು ಕತ್ತರಿಸಿದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ಆ ನಗು ಕೇಳಿ ಲೋಕಯ್ಯನಿಗೆ ನಾಚಿಕೆಯೂ ಆಯಿತು, ಜೀವ ಬಂದ ಹಾಗೂ ಆಯಿತು.

ಊಟ ಮುಗಿದ ಮೇಲೆ ಬೋಜ ಹಾರೆ ಹಾಕಿ ಧ್ವಜಾಯವನ್ನು ಎಬ್ಬಿಸಿದ. ಎಬ್ಬಿಸಿದಲ್ಲಿ ದೊಡ್ಡ ಹೊಂಡ.

"ಈಗ ತಂಗಿ ಎಲ್ಲಿ ಕೂರುವುದು ಭಾವ?" ಎಂದ ಬೋಜ.

ಲೋಕಯ್ಯ ಹೊಂಡವನ್ನು ನೋಡಿದ. ದೇಯಿ ಪಕ್ಕದಲ್ಲಿ ಬಂದು ನಿಂತಳು.

"ಒಂದು ಮಾತು ಕೇಳ್ತೇನೆ. ಕುವೈತಿನಲ್ಲಿ ನಿಮ್ಮ ಪಕ್ಕದಲ್ಲಿ ಯಾರು ಕೂರ್ತಿದ್ದದ್ದು?"

"ಯಾರೂ ಇಲ್ಲ. ನಾನೊಬ್ಬನೇ."

"ಹಾಗಾಗಿಯೇ ಅವರು ಅಲ್ಲಿ ಪೆಟ್ಟಿಗೆ ಇಟ್ಟದ್ದು."

ಲೋಕಯ್ಯನಿಗೆ ಮರಳಿನ ನಡುವೆ ಗೆರೆ ಎಳೆದಂಥ ಆ ರಸ್ತೆಗಳು ನೆನಪಾದವು. ಬೆಳಗ್ಗಿನಿಂದ ಸಂಜೆಯ ತನಕ ಮಾತಿಲ್ಲದೆ, ಆ ಪೆಟ್ಟಿಗೆಯ ಮೇಲೆ ಕೈ ಇಟ್ಟುಕೊಂಡು, ಕೊಟ್ಟಾರವನ್ನು ನೆನೆಯುತ್ತ ಓಡಿಸಿದ್ದು. ಅದನ್ನು ಅವನು ಗತ್ತು ಎಂದು ತಿಳಿದುಕೊಂಡಿದ್ದ. ಬೋಜ ಎದುರಿಗಿದ್ದುದರಿಂದ ಸುಮ್ಮನೆ ಕೆಮ್ಮಿದ.

"ಕೆಮ್ಮಿದ್ದು ಸಾಕು, ಗಾಡಿ ಹತ್ತಿ. ಮೊದಲು ರಿವರ್ಸ್‌ಗೆ ಹಾಕಿ" ಎಂದಳು ದೇಯಿ. "ಅಣ್ಣ, ಒಂದು ಗರಗಸ ತಾ."

ಲಿವರು ಹಿಂದಕ್ಕೆ ಬಂದು ನಿಂತ ಜಾಗಕ್ಕೆ ಅವಳೇ ಕುಂಕುಮದ ಗುರುತು ಹಾಕಿದಳು. ತನ್ನ ಕಾಲಿಗೆ ಬೇಕಾದ ಜಾಗವನ್ನೂ ಲೆಕ್ಕಕ್ಕೆ ಸೇರಿಸಿದಳು. ಬೋಜ ಕೊಯ್ದ. ಫ್ಲಾಸ್ಕಿನ ತೂತು ಅರ್ಧಚಂದ್ರವಾಗಿ ಅಂಗಳಕ್ಕೆ ಬಿತ್ತು. "ಅಯ್ಯೋ, ಆಯ!" ಎಂದರು ಕಿನ್ನಿಯಕ್ಕ. "ಕತ್ತೆಯೇ ಇರಲಿ ಮಾಮಿ, ಹೇಗೂ ಹೊರುವುದು ನನ್ನನ್ನು" ಎಂದು ದೇಯಿ ಮುಚ್ಚಳದ ಮೇಲೆ ತನ್ನ ಕುಶನ್ ಇಟ್ಟು ಸುತ್ತ ಮೊಳೆ ಹೊಡೆಸಿದಳು. ಪೆಟ್ಟಿಗೆ ಹೊಂಡದಲ್ಲಿ ಕೂತಿತು. ಪೆಟ್ಟಿಗೆಯ ಮೇಲೆ ದೇಯಿ ಕೂತಳು. ಮೊದಲಿಗಿಂತ ಒಂದು ಗೇಣು ಎತ್ತರದಲ್ಲಿ.

ಅಂದಿನಿಂದ ಆ ಗಾಡಿಯ ಪಟ್ಟಾಭಿಷೇಕವಾದ ರಾಣಿ ಅವಳೇ. ಚಹಾ ಬೇಕಾದರೆ, ಹಾಡು ಬದಲಾಯಿಸಬೇಕಾದರೆ, ಬಾಚಣಿಗೆ ಬೇಕಾದರೆ ಲೋಕಯ್ಯ ಗಾಡಿ ನಿಲ್ಲಿಸಿ, "ದೇಯೀ, ಸ್ವಲ್ಪ ಏಳ್ತೀಯಾ?" ಎಂದು ಅರ್ಜಿ ಹಾಕಬೇಕು. ಅವಳಿಗೆ ಏಳುವ ಮನಸ್ಸಿಲ್ಲದಿದ್ದರೆ ಕೊಟ್ಟಾರದಿಂದ ಅತ್ತಾವರದ ತನಕ ಒಂದೇ ಕ್ಯಾಸೆಟ್. ಹಿತ್ತಾಳೆಯ ಬೀಗದ ಕೈ ಅವಳ ಸೊಂಟದಲ್ಲಿ.

ಎಂಬತ್ತರ ದಶಕ ಮುಗಿಯುವ ಮೊದಲೇ ಪಿಕಪ್ಪು ಸೋತಿತು. ಕೊಂಡವನು ಇಂಜಿನ್ ನೋಡಿ ಮೂಗು ಮುರಿದು, ಹಲಸಿನ ಪೆಟ್ಟಿಗೆಯನ್ನು ನೋಡಿ ಆಸೆಪಟ್ಟ. "ಅದು ಗಾಡಿಯದಲ್ಲ, ಮನೆಯದು" ಎಂದು ಲೋಕಯ್ಯ ತಾನೇ ಸ್ಕ್ರೂ ಬಿಚ್ಚಿ ತಂದು ಜಗಲಿಯಲ್ಲಿಟ್ಟ. ಕಿನ್ನಿಯಕ್ಕ ಅಷ್ಟರಲ್ಲಿ ತೀರಿಕೊಂಡಿದ್ದರು. ಪೆಟ್ಟಿಗೆಯ ಎಡಬದಿಯ ಅವರ ಜಾಗವನ್ನು ಇಬ್ಬರೂ ಖಾಲಿಯೇ ಬಿಟ್ಟರು.

ಸಂಜೆ ದೇಯಿ ಆ ಪೆಟ್ಟಿಗೆಯ ಮೇಲೆ ಕೂತು ಮಲ್ಲಿಗೆ ಕಟ್ಟುತ್ತಾಳೆ. ಲೋಕಯ್ಯ ಕುರ್ಚಿ ಎಳೆದುಕೊಂಡು ಬಂದು ಅವಳ ಬಲಕ್ಕೇ ಕೂರುತ್ತಾನೆ. ಎದುರಿನ ಹೈವೇಯಲ್ಲಿ ಲಾರಿಯೊಂದು ಏರಿಗೆ ಏದುಸಿರು ಬಿಟ್ಟರೆ ಅವನ ಎಡಗೈ ತಾನಾಗಿ ಗಾಳಿಯಲ್ಲಿ ಸೆಕೆಂಡ್ ಗೇರಿಗೆ ಹಾಕುತ್ತದೆ. "ನೋಡಿ ಹಾಕಿ" ಎನ್ನುತ್ತಾಳೆ ದೇಯಿ, ಹೂವಿನಿಂದ ಕಣ್ಣೆತ್ತದೆ.

ಮೊನ್ನೆ ಅವನಿಗೆ ಕುವೈತಿನಿಂದ ತಂದ ಹಳೆಯ ಕ್ಯಾಸೆಟ್ ಒಂದನ್ನು ಕೇಳುವ ಆಸೆಯಾಯಿತು. ಅದು ಪೆಟ್ಟಿಗೆಯೊಳಗೆ ಇತ್ತು. "ದೇಯೀ, ಸ್ವಲ್ಪ ಏಳ್ತೀಯಾ?" ಎಂದ.

"ಈಗಷ್ಟೇ ಕೂತದ್ದು" ಎಂದಳು.

ಲೋಕಯ್ಯ ಕತ್ತನ್ನು ಹಿಂದಕ್ಕೆ ತಿರುಗಿಸಿ, ಗಾಳಿಯಲ್ಲಿ ಕೈಯನ್ನು ಎಡಕ್ಕೆ ಎಳೆದು ಹಿಂದಕ್ಕೆ ತಂದ. ದೇಯಿ ಏಳಲಿಲ್ಲ. ಮೊಣಕಾಲನ್ನು ಮಾತ್ರ ಅತ್ತ ಸರಿಸಿದಳು.