ನಮ್ಮ ಕಡೆ ಒಂದು ಇರಲಿ

ಸುಮಿತ್ರವ್ವನನ್ನು ನಾನು ಮೊದಲ ಸಲ ಕಂಡದ್ದು ಮುಳಗುಂದದಲ್ಲಿ, ಅವಳ ತಂದೆಯ ಬೀಜದ ಅಂಗಡಿಯ ಹಿಂದಿನ ಪಡಸಾಲೆಯಲ್ಲಿ. ಕನ್ಯೆ ನೋಡಲು ಹೋಗಿದ್ದೆ. ಕನ್ಯೆಯಿಂದ ಒಂದು ಸಾಲು ಬರೆಸಿ ನೋಡುವ ಪದ್ಧತಿ ಆಗ ಇತ್ತು. ನನಗೋ ಮಾಸ್ತರಿಕೆಯ ಮೊದಲ ವರ್ಷ. ಎದುರಿಗೆ ಬಂದವರನ್ನೆಲ್ಲ ಪರೀಕ್ಷಿಸುವ ಹುರುಪು. ಅವಲಕ್ಕಿ ತಿನ್ನುತ್ತ ಹಿರಿಯರ ಮುಂದೆ ನನ್ನ ಬಾಲ್ಯದ ಪರಾಕ್ರಮವನ್ನು ಹೇಳಿಕೊಂಡಿದ್ದೆ: ನಾಲ್ಕನೆಯ ತರಗತಿಯಲ್ಲಿದ್ದಾಗ ಶಾಲಾ ಇನ್ಸ್‌ಪೆಕ್ಟರರ ಮುಂದೆ ಹತ್ತೊಂಬತ್ತರ ಮಗ್ಗಿಯನ್ನು ಒಂದೇ ಉಸಿರಿನಲ್ಲಿ ಒಪ್ಪಿಸಿದವನು ನಾನು, ಎಂದು. ಆಮೇಲೆ ಅವಳಿಗೆ, ಈಗ ಕೇಳಿದ್ದನ್ನೇ ಭೂತಕಾಲದಲ್ಲಿ ಒಂದು ವಾಕ್ಯ ಮಾಡಿ ಬರೆ ಎಂದೆ.

ಅವಳು ಒಂದು ಹಾಳೆ ತೆಗೆದುಕೊಂಡಳು. ಅದರ ಕೆಳಗೆ ಅಂಗಡಿಯ ಕಾರ್ಬನ್ ಕಾಗದ, ಅದರ ಕೆಳಗೆ ಇನ್ನೊಂದು ಹಾಳೆ. ಒತ್ತಿ ಬರೆದು ಮೇಲಿನದನ್ನು ನನಗೆ ಕೊಟ್ಟಳು. ಕೆಳಗಿನದನ್ನು ಮಡಿಚಿ ತಾನೇ ಇಟ್ಟುಕೊಂಡಳು.

"ನಮ್ಮ ಕಡೆ ಒಂದು ಇರ್ಲಿ" ಎಂದಳು.

ಆಗಲೇ ನಾನು ಎದ್ದು ಬರಬೇಕಿತ್ತು. ವ್ಯಾಕರಣ ಶುದ್ಧವಾಗಿತ್ತು, ಕೂತುಬಿಟ್ಟೆ.

ಅಂದಿನಿಂದ ನಲವತ್ತೆರಡು ವರ್ಷ ನಮ್ಮ ಮನೆಯಲ್ಲಿ ಎಲ್ಲವೂ ಎರಡೆರಡು. ಕೀಲಿಕೈ ಎರಡು, ಲಗ್ನಪತ್ರಿಕೆ ಎರಡು, ಕರೆಂಟು ಬಿಲ್ಲಿಗೊಂದು ಜೆರಾಕ್ಸು. (ಗಂಡನಿಗೆ ಮಾತ್ರ ಎರಡನೆಯ ಪ್ರತಿ ಇಲ್ಲ, ಅದು ಅವಳ ಕೊರಗು.) ನನ್ನದು ತದ್ವಿರುದ್ಧ ಸಿದ್ಧಾಂತ. ಪ್ರಶ್ನೆಪತ್ರಿಕೆಯಾಗಲಿ, ವಾರ್ಷಿಕ ವರದಿಯಾಗಲಿ, ಶುದ್ಧ ಪ್ರತಿ ಸಿದ್ಧವಾದ ಕ್ಷಣವೇ ಕಚ್ಚಾ ಪ್ರತಿಯನ್ನು ನಾಲ್ಕು ತುಂಡಾಗಿ ಹರಿದು ಒಲೆಗೆ ಹಾಕುವುದು. ಮೂವತ್ತೈದು ವರ್ಷದ ನೌಕರಿಯಲ್ಲಿ ಒಮ್ಮೆಯೂ ಈ ವ್ರತಕ್ಕೆ ಭಂಗ ಬರಲಿಲ್ಲ.

ಆ ವ್ರತವೇ ಮೊನ್ನೆ ನನ್ನನ್ನು ಕೊಂದದ್ದು.

ಲಕ್ಷ್ಮೇಶ್ವರದಲ್ಲಿ ನಾನು ಕಲಿತ ಶಾಲೆಗೆ ಈ ವರ್ಷ ನೂರು ತುಂಬುತ್ತದೆ. ಶತಮಾನೋತ್ಸವ ಸಮಿತಿಯವರು ನೆನಪಿನ ಸಂಚಿಕೆಯ ಸಂಪಾದಕತ್ವವನ್ನು ನನ್ನ ತಲೆಗೆ ಕಟ್ಟಿ, ಒಂದು ಹಳೆಯ ಲ್ಯಾಪ್‌ಟಾಪನ್ನೂ ಕೊಟ್ಟರು. ಕಾಗದಪತ್ರಗಳೆಲ್ಲ 'ಕ್ಲೌಡ್' ಎಂಬಲ್ಲಿ ಇರುತ್ತವಂತೆ. ಅಂದರೆ ಮೋಡ. ಗದಗಿನ ಮೋಡಗಳ ನಡವಳಿಕೆಯನ್ನು ಅರವತ್ತು ವರ್ಷ ಕಂಡವನಿಗೆ ಎದೆ ಝಲ್ಲೆನ್ನದೆ ಇದ್ದೀತೆ? ಬೆಟಗೇರಿಯಲ್ಲಿ ನಮ್ಮ ಓಣಿಯ ತಿರುವಿನಲ್ಲೇ ಕಂಪ್ಯೂಟರ್ ಕೇಂದ್ರ ನಡೆಸುವ ಅನೀಸ ನನ್ನ ಹಳೆಯ ವಿದ್ಯಾರ್ಥಿನಿ. ಅವಳೇ ಧೈರ್ಯ ತುಂಬಿದಳು.

"ಅಸಲಿ ಮ್ಯಾಲ ಇರ್ತೈತ್ರಿ ಸರ್. ನಿಮ್ಮ ಲ್ಯಾಪ್‌ಟಾಪಿನ್ಯಾಗ ಇರೂದು ಅದರ ನಕಲು, ನೆಟ್ ಇಲ್ಲದಾಗ ಕೆಲಸ ಮಾಡಾಕ. ಜಾಗ ತುಂಬಿದ್ರ ನಕಲು ತಗದುಬಿಡ್ರಿ, ಕರದ್ರ ಮತ್ತ ಇಳೀತೈತಿ."

ಮುಂದೆ ಇನ್ನೂ ಏನೋ ಹೇಳಿದಳು. ಅಷ್ಟರಲ್ಲಿ ಅವಳ ಬೋರ್ಡಿನ ಮೇಲೆ 'ತರಭೇತಿ' ಎಂದು ಮಹಾಪ್ರಾಣ ಬಿದ್ದಿರುವುದು ಕಂಡು ನನ್ನ ಪ್ರಾಣ ಅತ್ತ ಹೋಗಿತ್ತು.

ಸಂಚಿಕೆಯ ಜೀವಾಳವೆಂದರೆ ನನ್ನ ಗುರುಗಳಾದ ದೇವೇಂದ್ರಪ್ಪ ಮಾಸ್ತರರ ನೆನಪುಗಳು. ಅವರಿಗೀಗ ತೊಂಬತ್ತಮೂರು. ಮಗಳು ಅಮೃತವ್ವನ ಮನೆಯಲ್ಲಿ, ಹಮ್ಮಿಗಿಯಲ್ಲಿ ಇದ್ದಾರೆ. ನೆನಪು ದಿನದಿನಕ್ಕೆ ಸವೆಯುತ್ತಿದೆ, ಬರುವುದಿದ್ದರೆ ಜಲ್ದಿ ಬನ್ನಿ ಎಂದು ಅಮೃತವ್ವ ಹೇಳಿಕಳಿಸಿದಳು. ನಾನೂ ಸುಮಿತ್ರವ್ವನೂ ಹೋಗಿ ಹನ್ನೆರಡು ದಿನ ಉಳಿದೆವು. ಬೆಳಿಗ್ಗೆ ಗುರುಗಳು ಹೇಳುವರು, ನಾನು ಟೈಪು ಮಾಡುವೆನು. ಹೊಳೆದಂಡೆಯ ಆ ಮನೆಯಲ್ಲಿ ನೆಟ್‌ವರ್ಕಿನ ಸುಳಿವೇ ಇಲ್ಲ. ಅದಕ್ಕೇ ಬೇರೆ ಗದ್ದಲವೂ ಇಲ್ಲ. ನಲವತ್ತಮೂರು ಪುಟಗಳಾದವು. (ಹದಿನೇಳನೆಯ ಪುಟದಲ್ಲಿ ಒಂದು ಪ್ರಸಂಗವನ್ನು ಬರೆದ ಮರುದಿನ ಬೆಳಿಗ್ಗೆ ಅಳಿಸಿದೆ. ಶೈಲಿಯ ದೃಷ್ಟಿಯಿಂದ.)

ಬೆಟಗೇರಿಗೆ ಮರಳಿ ಲ್ಯಾಪ್‌ಟಾಪು ತೆರೆದರೆ, ಜಾಗ ಸಾಲದು ಎಂದು ಅದರ ತಕರಾರು. ಇಷ್ಟೇ ತಾನೆ ಎಂದು ನಕಲುಗಳ ಪಟ್ಟಿಯನ್ನು ಹುಡುಕಿ, ಎಲ್ಲವನ್ನೂ ಅಳಿಸಲು ಒತ್ತಿದೆ. ಶುದ್ಧ ಪ್ರತಿ ಮೇಲಿದೆ; ಇವು ಕಚ್ಚಾ. ನಡುವೆ ಸಣ್ಣ ಅಕ್ಷರದಲ್ಲಿ ಏನೋ ಇಂಗ್ಲಿಷಿನಲ್ಲಿ ಕೇಳಿತು. ಹೌದು ಎಂದು ಒತ್ತಿದೆ. ಮತ್ತೊಮ್ಮೆ ಕೇಳಿತು. ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳುವವರನ್ನು ಕಂಡರೆ ನನಗೆ ಮೊದಲಿಂದಲೂ ಆಗದು, ಜೋರಾಗಿ ಒತ್ತಿದೆ.

ಅನಂತರ ಮೇಲಿನ ಪ್ರತಿಯನ್ನು ಕರೆದೆ. ಇಳಿಯಿತು. 'ಗುರುಗಳ ನೆನಪುಗಳು' ಎಂಬ ತಲೆಬರಹ, ಅದರ ಕೆಳಗೆ ಹಮ್ಮಿಗಿಗೆ ಹೋಗುವ ಮುನ್ನ ನಾನೇ ಬರೆದಿದ್ದ ನಾಲ್ಕು ಸಾಲು. ಅದರ ಕೆಳಗೆ ಬಿಳಿ. ಪುಟ ಸರಿಸಿದೆ. ಬಿಳಿ.

ಒಂದು ಕಾಲಿಗೆ ನನ್ನ ಚಪ್ಪಲಿ, ಇನ್ನೊಂದಕ್ಕೆ ಸುಮಿತ್ರವ್ವನದು ಮೆಟ್ಟಿ ಅನೀಸಳ ಕೇಂದ್ರಕ್ಕೆ ಓಡಿದೆ.

"ತಗಿಯೂ ಮುಂದ ಹಸರ ಗುರುತು ಬಿದ್ದಿತ್ತೇನ್ರಿ ಸರ್?"

"ಯಾವ ಗುರುತವ್ವಾ?"

"ಅವತ್ತ ಹೇಳಿದ್ನೆಲ್ರಿ. ಹಸರ ಗುರುತು ಬಿದ್ರ ಮ್ಯಾಲ ಹೋಗೈತಿ ಅಂತ. ನೀವು ನನ್ನ ಬೋರ್ಡ್ ಓದಾಕತ್ತಿದ್ರಿ."

ಹಮ್ಮಿಗಿಯಲ್ಲಿ ನೆಟ್ ಇರಲಿಲ್ಲವಾದ್ದರಿಂದ ಬರೆದದ್ದೊಂದೂ ಮೇಲೆ ಹೋಗಿರಲಿಲ್ಲ; ಇಲ್ಲಿಗೆ ಬಂದು ಅದು ಏರುವ ಮೊದಲೇ ನಾನು ಅಳಿಸಿದ್ದೆ. ಹನ್ನೆರಡು ದಿನವೂ ಆ ನಕಲೇ ಅಸಲಿಯಾಗಿತ್ತು ಎಂದು ಅವಳು ಬಿಡಿಸಿ ಹೇಳಿದಳು. ಒಂದು ತಾಸು ತಡಕಾಡಿ ಕೈಚೆಲ್ಲಿದಳು. ಏಳುವಾಗ ನನ್ನ ಚಪ್ಪಲಿಗಳನ್ನು ಕಂಡರೂ ಏನೂ ಅನ್ನಲಿಲ್ಲ. ನನ್ನ ಸ್ಥಿತಿ ಎಷ್ಟು ಗಂಭೀರವಾಗಿದೆ ಎಂಬುದು ನನಗೆ ಆಗ ತಿಳಿಯಿತು.

ದಾರಿಯಲ್ಲೇ ಬೇವಿನ ಮರದ ಕೆಳಗೆ ನಿಂತು ಹಮ್ಮಿಗಿಯ ಮನೆಯ ಲ್ಯಾಂಡ್‌ಲೈನಿಗೆ ಫೋನು ಮಾಡಿದೆ. ಮೊದಲ ಅಧ್ಯಾಯವನ್ನಾದರೂ ಇನ್ನೊಮ್ಮೆ ಕೇಳಿಕೊಳ್ಳೋಣವೆಂಬ ಆಸೆ. ಯಾವ ಊರಿನವನು, ಯಾರ ಮಗ ಎಂದು ಗುರುಗಳು ಮೂರು ಸಲ ಕೇಳಿದರು. ಕೊನೆಗೆ ಗುರುತು ಹತ್ತಿತು.

"ಸಾಲಿದು ಎಲ್ಲಾ ನಿನ್ನ ಕೈಯಾಗ ಕೊಟ್ಟೀನಲ್ಲೋ ತಮ್ಮಾ" ಎಂದರು ನೆಮ್ಮದಿಯ ದನಿಯಲ್ಲಿ. "ಇನ್ನ ನಾ ನೆನಪಿಡೂದು ಬ್ಯಾಡ. ಹಗೂರಾಗೈತಿ."

ನೂರು ವರ್ಷದ ಶಾಲೆಯನ್ನು ಒಬ್ಬ ಮನುಷ್ಯ ತನ್ನ ತಲೆಯಿಂದಿಳಿಸಿ ನನ್ನ ಕೈಗಿಟ್ಟಿದ್ದ. ನಾನು ಅದನ್ನು ಹೌದು, ಹೌದು ಎಂದು ಎರಡು ಸಲ ಒತ್ತಿ ಒಲೆಗೆ ಹಾಕಿದ್ದೆ. ಇನ್ನು ಸಮಿತಿಗೆ ಏನು ಹೇಳಲಿ? ಅಮೃತವ್ವನಿಗೆ ಏನು ಹೇಳಲಿ? ಅದಕ್ಕೂ ಮೊದಲು, ಎಲ್ಲದರಲ್ಲೂ ಇನ್ನೊಂದಿರಲಿ ಎನ್ನುವ ಹೆಂಡತಿಗೆ ಯಾವ ಮುಖ ತೋರಿಸಲಿ?

ಎರಡು ದಿನ ಬಾಯಿ ಬಿಡಲಿಲ್ಲ. ಬಾಗಿಲು ಬಡಿದರೆ ಸಮಿತಿಯವರೆಂದು ದೇವರ ಕೋಣೆ ಸೇರುವೆನು. ಹಾಲಿನ ಕುಕ್ಕರು ಸೀಟಿ ಹೊಡೆದರೆ ಕುರ್ಚಿಯಿಂದೇಳುವೆನು. ಮೂರನೆಯ ದಿನ ಊಟಕ್ಕೆ ಕುಳಿತಾಗ ರೊಟ್ಟಿಯನ್ನು ನಾಲ್ಕು ತುಂಡು ಮಾಡಿ ಹಾಗೇ ಬಿಟ್ಟೆ. ಸುಮಿತ್ರವ್ವ ತಾಟು ನೋಡಿದಳು, ನನ್ನನ್ನು ನೋಡಿದಳು.

"ಏನ್ ಹರದು ಹಾಕೀರಿ ಹೇಳ್ರಿ" ಎಂದಳು.

ಹೇಳಿದೆ, ಎಲ್ಲವನ್ನೂ. ಕಣ್ಣಲ್ಲಿ ನೀರೂ ಬಂತು. ಅವಳು ಒಳಗೆ ಹೋಗಿ ತನ್ನ ಫೋನು ತಂದು ತಾಟಿನ ಪಕ್ಕದಲ್ಲಿಟ್ಟಳು. ನೋಡುತ್ತೇನೆ: ಲ್ಯಾಪ್‌ಟಾಪಿನ ಪರದೆಯ ಫೋಟೊಗಳು. ಒಂದು ಸೊಟ್ಟ, ಒಂದು ಅಡ್ಡ, ಒಂದರ ಮೂಲೆಯಲ್ಲಿ ಅವಳ ಹೆಬ್ಬೆರಳು, ಇನ್ನೊಂದರಲ್ಲಿ ಬಳೆಗಳ ನೆರಳು. ಆದರೆ ಪುಟ ನಲವತ್ತಮೂರೂ ಇವೆ.

"ಸಂಜಿಮುಂದ ಅದನ್ನ ತಗದಿಟ್ಟು ನೀವು ಹೊಳಿ ಕಡೆ ಅಡ್ಡಾಡಾಕ ಹೋಗ್ತಿದ್ರಿ. ಇನ್ನೊಂದು ಇರ್ಲಿ ಅಂತ ಹೊಡಕೊಂಡೆ."

ಆ ಕ್ಷಣದಲ್ಲಿ ಅವಳ ಕಾಲು ಮುಟ್ಟಲೂ ಸಿದ್ಧನಿದ್ದೆ. ಒಂದೊಂದೇ ಪುಟ ಸರಿಸುತ್ತ ಹೋದೆ. ಹನ್ನೆರಡು, ಹದಿಮೂರು, ಹದಿನಾಲ್ಕು. ಆಗ ನೆನಪಾಯಿತು. ಅವಳು ಫೋಟೊ ಹೊಡೆದದ್ದು ಸಂಜೆ. ನಾನು ಅಳಿಸಿದ್ದು ಮರುದಿನ ಬೆಳಿಗ್ಗೆ.

ಫೋನನ್ನು ಮೆಲ್ಲಗೆ ಮುಚ್ಚಿಡಲು ನೋಡಿದೆ. ಅವಳು ಕಸಿದುಕೊಂಡು, ಕನ್ನಡಕ ಏರಿಸಿ, ಹದಿನೇಳನೆಯ ಪುಟವನ್ನು ಗುರುಗಳ ಮಾತಿನಲ್ಲೇ ಓದಿದಳು:

"ಇನ್ಸ್‌ಪೆಕ್ಟರ್ ಬಂದ ದಿವಸ ಇವ ಭಾರತದ ನಕಾಶೆಯ ಹಿಂದೆ ಅಡಗಿದ್ದ. ಸಿಂಹಳದ್ವೀಪದ ಕೆಳಗೆ ಎರಡು ಕಾಲು ಗಡಗಡ ನಡುಗುತ್ತಿದ್ದವು. ಹತ್ತೊಂಬತ್ತರ ಮಗ್ಗಿಯನ್ನು ಆ ದಿನ ಒಪ್ಪಿಸಿದವಳು ಇವನ ತರಗತಿಯ ರಸೂಲಬಿ."

ನಾನು ರೊಟ್ಟಿಯ ತುಂಡುಗಳನ್ನು ಮತ್ತೆ ಜೋಡಿಸುತ್ತಿದ್ದೆ. ಅವಳು ಎದ್ದು ಟ್ರಂಕು ತೆರೆದು, ತಳದಿಂದ ಹಳದಿಗಟ್ಟಿದ ಹಾಳೆಯೊಂದನ್ನು ತಂದು ಬಿಡಿಸಿದಳು. ಮಾಸಿದ ಕಾರ್ಬನ್ ಅಕ್ಷರ: 'ಇವರು ಹತ್ತೊಂಬತ್ತರ ಮಗ್ಗಿಯನ್ನು ಒಂದೇ ಉಸಿರಿನಲ್ಲಿ ಒಪ್ಪಿಸಿದರು.'

"ಎರಡರಾಗ ಯಾವುದು ಕಚ್ಚಾರಿ, ಮಾಸ್ತರ?" ಎಂದಳು.

ಈಗ ದಿನವೂ ಹತ್ತು ಗಂಟೆಗೆ ಸುಮಿತ್ರವ್ವ ನನ್ನ ಕುರ್ಚಿಯಲ್ಲಿ ಕೂರುತ್ತಾಳೆ. ಫೋನನ್ನು ಮಾರುದೂರ ಹಿಡಿದು ಉಕ್ತಲೇಖನ ಹೇಳುತ್ತಾಳೆ. ನಾನು ಮೂಲೆಯ ಸ್ಟೂಲಿನ ಮೇಲೆ ಕೂತು ಟೈಪು ಮಾಡುತ್ತೇನೆ. ಹಸಿರು ಗುರುತು ಬಿದ್ದುದನ್ನು ತೋರಿಸದೆ ಏಳುವಂತಿಲ್ಲ. ಮೂವತ್ತೊಂದನೆಯ ಪುಟಕ್ಕೆ ಬಂದಿದ್ದೇವೆ. ಹದಿನೇಳನೆಯದು ಒಂದಕ್ಷರ ಬಿಡದೆ ಸೇರಿದೆ. ಅದರದೊಂದು ಪ್ರತಿ ಅನೀಸಳ ಹತ್ತಿರವೂ ಇದೆಯಂತೆ. ನಾಲ್ಕು ಗಂಟೆಗೆ ಸುಮಿತ್ರವ್ವ ಚಹಾ ಮಾಡಿ ತಂದು, ಕಪ್ಪನ್ನು ತನ್ನ ಕಡೆಗೇ ಹಿಡಿದುಕೊಂಡು, ಹತ್ತೊಂಬತ್ತರ ಮಗ್ಗಿ ಕೇಳುತ್ತಾಳೆ. ಹತ್ತೊಂಬತ್ತೇಳಲೇ ಎಂಬಲ್ಲಿಗೆ ಬರುವಷ್ಟರಲ್ಲಿ ಚಹಾ ಆರಿರುತ್ತದೆ.